ಲ್ಯಾಪ್‌ಟಾಪ್ ಆನ್ ಆಗ್ತಾ ಇಲ್ವಾ? ಫಾರ್ಮ್ಯಾಟ್ ಹೊಡೆಯುವ ಮೊದಲು ಸ್ವಲ್ಪ ನಿಲ್ಲಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತು ಕೇಳ್ತಾ ಇದ್ದೀರೋ, ಹಾಸ್ಟೆಲಲ್ಲಿ ಮಲಗಿ ಕೇಳ್ತಾ ಇದ್ದೀರೋ ಗೊತ್ತಿಲ್ಲ. ಆದ್ರೆ ಸ್ಟಾರ್ಟ್ ಆಗದ ಲ್ಯಾಪ್‌ಟಾಪನ್ನು ಪಕ್ಕದಲ್ಲಿ ಇಟ್ಕೊಂಡು ಕೇಳ್ತಾ ಇದ್ರೆ, ಮೊದಲು ಒಂದು ಮಾತು. ಸದ್ಯಕ್ಕೆ ಕೈ ಹಿಂದೆ ತಗೊಳ್ಳಿ. ಸ್ಕ್ರೀನ್ ಮೇಲೆ ‘ರೀಸೆಟ್’ ಅಂತ ಎಲ್ಲಾದ್ರೂ ಕಾಣ್ತಾ ಇದ್ರೆ ಅದನ್ನಂತೂ ಒತ್ತಲೇಬೇಡಿ. ಯಾಕೆ ಅಂತ ಹೇಳ್ತೇನೆ.

ನಾನು ಬಿ.ಸಿ.ರೋಡಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವ. ಹನ್ನೊಂದು ವರ್ಷ ಆಯ್ತು. ಬಿ.ಸಿ.ರೋಡ್ ಅಂದ್ರೆ ಬಂಟ್ವಾಳ ಕ್ರಾಸ್ ರೋಡ್. ಇಲ್ಲಿಂದ ಒಂದು ರಸ್ತೆ ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಘಾಟಿಯ ಕಡೆಗೆ ಹೋಗ್ತದೆ. ಇನ್ನೊಂದು ಕಡೆ ಸಿದ್ದಕಟ್ಟೆ ಮೇಲೆ ಹೋದ್ರೆ ಮೂಡುಬಿದಿರೆ. ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಕಾಲೇಜು ಜಾಸ್ತಿ, ಹಾಸ್ಟೆಲ್ ಜಾಸ್ತಿ, ಹಾಗಾಗಿ ಹಾಳಾಗುವ ಲ್ಯಾಪ್‌ಟಾಪೂ ಜಾಸ್ತಿ. ನನ್ನ ಮೇಜಿನ ಮೇಲೆ ಬ್ಯಾಗ್ ಇಟ್ಟು ಎಲ್ಲರೂ ಹೇಳುವುದು ಒಂದೇ ವಾಕ್ಯ: “ಅಣ್ಣಾ, ಇದು ಆನ್ ಆಗ್ತಾ ಇಲ್ಲ.”

ಈ ವಾಕ್ಯದಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಡಾಕ್ಟರ್ ಹತ್ರ ಹೋಗಿ “ಹುಷಾರಿಲ್ಲ” ಅಂದ ಹಾಗೆ. ಜ್ವರವೋ, ಹೊಟ್ಟೆನೋವೋ, ಕಾಲು ಮುರಿದದ್ದೋ? ಲೈಟೇ ಬರುವುದಿಲ್ವಾ? ಲೈಟ್ ಬಂದು ಫ್ಯಾನ್ ತಿರುಗಿ ಸ್ಕ್ರೀನ್ ಕಪ್ಪಾಗಿ ಉಳೀತದಾ? ಕಂಪನಿ ಲೋಗೋ ಬಂದು ಅಲ್ಲೇ ನಿಲ್ತದಾ? ಅಥವಾ ಪಾಸ್‌ವರ್ಡ್ ಕೇಳಿ, ಆಮೇಲೆ ಗೋಳ ಸುತ್ತುತ್ತಾ ಇರ್ತದಾ? ನಾಲ್ಕೂ ಬೇರೆ ಬೇರೆ ಕಾಯಿಲೆ. ಮದ್ದು ಬೇರೆ, ಖರ್ಚು ಬೇರೆ. ಎಲ್ಲಕ್ಕಿಂತ ಮುಖ್ಯ, ಒಳಗಿರುವ ನಿಮ್ಮ ಫೈಲುಗಳಿಗೆ ಇರುವ ಅಪಾಯ ಬೇರೆ.

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದಲ್ಲಿ ಹೇಳಿದ್ರೆ ಬೇಗ ತಲೆಗೆ ಹೋಗ್ತದೆ. ಬಯಲಾಟಕ್ಕೆ ಹೋದವರಿಗೆ ಗೊತ್ತುಂಟು, ಪ್ರಸಂಗ ಸುಮ್ಮನೆ ಶುರುವಾಗುವುದಿಲ್ಲ. ಚೌಕಿಯಲ್ಲಿ ದೇವರಿಗೆ ಪೂಜೆ ಆಗ್ಬೇಕು, ಕೇಳಿ ಬಡೀಬೇಕು, ಕೋಡಂಗಿ, ಬಾಲಗೋಪಾಲ ಎಲ್ಲ ಬಂದು ಪೂರ್ವರಂಗ ಮುಗೀಬೇಕು. ಆಮೇಲೆ ಪ್ರಸಂಗ. ಲ್ಯಾಪ್‌ಟಾಪೂ ಹೀಗೇ. ನೀವು ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್ ಎದ್ದು ಬರುವುದಿಲ್ಲ. ಮೊದಲು ಬೋರ್ಡಿಗೆ ಕರೆಂಟ್ ಸಿಗಬೇಕು. ಆಮೇಲೆ ಬೋರ್ಡಿನಲ್ಲೇ ಕೂತಿರುವ ಒಂದು ಸಣ್ಣ ಪ್ರೋಗ್ರಾಂ ಏಳ್ತದೆ. ಹಿಂದೆ ಅದಕ್ಕೆ ಬಯೋಸ್ ಅಂತಿದ್ವಿ, ಈಗಿನದ್ದಕ್ಕೆ ಯುಇಎಫ್‌ಐ ಅಂತಾರೆ. ಬಾಯಲ್ಲಿ ಇನ್ನೂ ಬಯೋಸೇ. ಅದು ರ್‍ಯಾಮ್ ಉಂಟಾ, ಡಿಸ್‌ಪ್ಲೇ ಉಂಟಾ, ಕೀಬೋರ್ಡ್ ಉಂಟಾ ಅಂತ ಹಾಜರಿ ತಗೊಳ್ತದೆ. ಎಲ್ಲ ಸರಿ ಇದ್ರೆ ಡಿಸ್ಕನ್ನು ಹುಡುಕಿ, ಅಲ್ಲಿರುವ ವಿಂಡೋಸಿಗೆ ರಂಗಸ್ಥಳ ಬಿಟ್ಟುಕೊಡ್ತದೆ. ಆಟ ಎಲ್ಲಿ ನಿಂತಿತು ಅನ್ನುವುದು ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ. ಚೌಕಿಯಲ್ಲೇ ಲೈಟ್ ಹೋದದ್ದಕ್ಕೆ ಭಾಗವತರನ್ನು ಬದಲಾಯಿಸಿ ಪ್ರಯೋಜನ ಇಲ್ಲ ಅಲ್ವಾ? ಆದ್ರೆ ಜನ ಮಾಡುವುದು ಅದನ್ನೇ. ಏನೇ ಆಗಲಿ, “ಫಾರ್ಮ್ಯಾಟ್ ಹೊಡೀರಿ, ಸರಿ ಆಗ್ತದೆ.”

ಸರಿ, ಮೊದಲು ಕರೆಂಟಿಂದ ಶುರು ಮಾಡುವ.

ಬಟನ್ ಒತ್ತಿದ್ರೂ ಒಂದು ಲೈಟೂ ಇಲ್ಲ, ಶಬ್ದವೂ ಇಲ್ಲ. ಹೀಗಿದ್ರೆ ಮೊದಲು ಪ್ಲಗ್ ಪಾಯಿಂಟಿಗೆ ಬೇರೆ ಏನಾದ್ರೂ ಹಾಕಿ ನೋಡಿ, ಫೋನ್ ಚಾರ್ಜರೇ ಆಗಲಿ. ನಗಬೇಡಿ. ವಿಟ್ಲದಿಂದ ಬಸ್ಸು ಹಿಡಿದು ಲ್ಯಾಪ್‌ಟಾಪ್ ತಂದವರದ್ದು ಇಲ್ಲಿ ಪ್ಲಗ್ ಹಾಕಿದ ಕೂಡಲೇ ಆನ್ ಆದದ್ದುಂಟು. ಆಮೇಲೆ ಅಡಾಪ್ಟರ್. ಅದರ ಮೇಲೆ ಔಟ್‌ಪುಟ್ ಅಂತ ಬರೆದ ಕಡೆ 19 ವೋಲ್ಟೋ 20 ವೋಲ್ಟೋ ಇರ್ತದೆ, ಪಕ್ಕದಲ್ಲಿ ಎಷ್ಟು ವ್ಯಾಟ್ ಅಂತಲೂ ಇರ್ತದೆ. ಟೈಪ್-ಸಿ ಚಾರ್ಜರ್ ಇರುವ ಹೊಸ ಲ್ಯಾಪ್‌ಟಾಪಿನಲ್ಲಿ ಒಂದು ಗೊಂದಲ ಶುರುವಾಗಿದೆ. ಫೋನಿನ ಚಾರ್ಜರೂ ಅದೇ ತೂತಿಗೆ ಸರಿಯಾಗಿ ಕೂರ್ತದೆ. ಲ್ಯಾಪ್‌ಟಾಪಿಗೆ 65 ವ್ಯಾಟ್ ಬೇಕಾದಲ್ಲಿ ಫೋನಿನ 18 ವ್ಯಾಟ್ ಚಾರ್ಜರ್ ಹಾಕಿದ್ರೆ, ಬ್ಯಾಟರಿ ಪೂರ್ತಿ ಖಾಲಿ ಇದ್ದಾಗ ಅದು ಏಳ್ಲಿಕ್ಕಿಲ್ಲ. ಕಂಪನಿ ಚಾರ್ಜರ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ.

ಅದೂ ಆಗ್ಲಿಲ್ಲ ಅಂದ್ರೆ ಒಂದು ಸುಲಭದ ಕೆಲಸ ಉಂಟು, ನಾವು ಅಂಗಡಿಯಲ್ಲಿ ಮೊದಲು ಮಾಡುವುದೂ ಅದನ್ನೇ. ಚಾರ್ಜರ್ ತೆಗೀರಿ. ಮೌಸ್, ಪೆನ್‌ಡ್ರೈವ್ ಎಲ್ಲ ತೆಗೀರಿ. ಬ್ಯಾಟರಿ ಹೊರಗಿಂದ ಬಿಚ್ಚುವ ಹಳೇ ಮಾಡೆಲ್ ಆದ್ರೆ ಅದನ್ನೂ ತೆಗೀರಿ. ಈಗ ಪವರ್ ಬಟನನ್ನು 30 ಸೆಕೆಂಡ್ ಒತ್ತಿ ಹಿಡೀರಿ. ಬಾಯಲ್ಲಿ ಎಣಿಸಿ, ಇಲ್ಲದಿದ್ರೆ ಹತ್ತು ಸೆಕೆಂಡಿಗೇ ಬಿಟ್ಟುಬಿಡ್ತೀರಿ. ಬೋರ್ಡಿನಲ್ಲಿ ಉಳಿದಿದ್ದ ಕರೆಂಟ್ ಇಳೀತದೆ, ಗೊಂದಲದಲ್ಲಿ ಸಿಕ್ಕಿಕೊಂಡಿದ್ದ ಪವರ್ ಕಂಟ್ರೋಲ್ ಚಿಪ್ ಮೊದಲಿನಿಂದ ಶುರುಮಾಡ್ತದೆ. ಆಮೇಲೆ ಚಾರ್ಜರ್ ಮಾತ್ರ ಹಾಕಿ ಬಟನ್ ಒತ್ತಿ. ಇದರಿಂದ ನಿಮ್ಮ ಒಂದು ಫೈಲಿಗೂ ತೊಂದರೆ ಇಲ್ಲ. ಡೆಡ್ ಅಂದುಕೊಂಡದ್ದು ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರ್ತದೆ. ಇದಕ್ಕೆ ಯಾರಾದ್ರೂ ಸಾವಿರ ರೂಪಾಯಿ ಕೇಳಿದ್ರೆ ಕೊಡ್ಬೇಡಿ ಮಾರಾಯ್ರೆ.

ಈ ಕರೆಂಟಿನ ವಿಷಯದಲ್ಲಿ ನಮ್ಮ ಊರಿನದ್ದೇ ಒಂದು ಕತೆ ಉಂಟು. ಏಪ್ರಿಲ್, ಮೇಯಲ್ಲಿ ಸಾಯಂಕಾಲದ ಹೊತ್ತು ಘಟ್ಟದ ಕಡೆ ಕಪ್ಪಾಗಿ ಬರ್ತದಲ್ಲ, ಆ ಸಿಡಿಲು. ಮತ್ತೆ ಮಳೆಗಾಲ ಮುಗಿದು ಅಕ್ಟೋಬರ್, ನವೆಂಬರ್‌ನಲ್ಲಿ ಇನ್ನೊಂದು ಸುತ್ತು. ಜುಲೈಯ ಜಡಿಮಳೆಗಿಂತ ಈ ಎರಡು ಹೊತ್ತಿನ ಸಿಡಿಲೇ ನನ್ನ ಮೇಜಿಗೆ ಹೆಚ್ಚು ಬೋರ್ಡ್ ಕಳಿಸ್ತದೆ. ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡ್ತಾರೆ, ಆದ್ರೆ ಪ್ಲಗ್ ಅಲ್ಲೇ ಇರ್ತದೆ. ಸ್ವಿಚ್ ಒಳಗಿನ ಅಷ್ಟು ಸಣ್ಣ ಅಂತರವನ್ನು ದಾಟುವುದು ಸಿಡಿಲಿಗೆ ದೊಡ್ಡ ವಿಷಯ ಅಲ್ಲ. ಪ್ಲಗ್ಗೇ ಎಳೀಬೇಕು. ಲ್ಯಾನ್ ವಯರ್ ಇದ್ರೆ ಅದನ್ನೂ ಎಳೀಬೇಕು. “ನಮ್ಮದು ಫೈಬರ್ ಇಂಟರ್ನೆಟ್, ಎಂತ ಆಗುದಿಲ್ಲ” ಅಂತಾರೆ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದ್ರೆ ಆ ಮೋಡೆಮಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಉಂಟಲ್ಲ? ಅಲ್ಲಿಂದ ಮೋಡೆಮಿಗೆ, ಮೋಡೆಮಿಂದ ಲ್ಯಾನ್ ವಯರಿನಲ್ಲಿ ಲ್ಯಾಪ್‌ಟಾಪಿಗೆ. ದಾರಿ ಸಲೀಸಾಗಿ ಉಂಟು.

ಇನ್ನೊಂದು, ಮೂರು ಪಿನ್ನಿನ ಚಾರ್ಜರಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕುವುದು. ಲ್ಯಾಪ್‌ಟಾಪಿನ ಲೋಹದ ಬಾಡಿ ಮುಟ್ಟಿದಾಗ ಜುಂ ಅನ್ನುತ್ತದಲ್ಲ, ಅರ್ತಿಂಗ್ ಇಲ್ಲ ಅಂತ ಅದು ಹೇಳ್ತಾ ಇರುವುದು. ಮನೆಯ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿದ್ರೂ ಹಾಗೇ ಆಗ್ತದೆ. ಅದಕ್ಕೆ ಎರಡು ಕೊಡ ನೀರು ಹೊಯ್ಯುವುದು ನಮ್ಮ ಅಜ್ಜಂದಿರಿಗೆ ನೆನಪಿತ್ತು, ನಮಗೆ ಇಲ್ಲ.

ಒದ್ದೆಯಾದ ಲ್ಯಾಪ್‌ಟಾಪಿನ ಬಗ್ಗೆ ಎರಡೇ ಮಾತು. ಆನ್ ಮಾಡಿ ನೋಡಬೇಡಿ, ಚಾರ್ಜಿಗೂ ಹಾಕಬೇಡಿ. ನೀರು ಒಂದೇ ಬೋರ್ಡನ್ನು ಸುಡುವುದಿಲ್ಲ, ನೀರಿನ ಜೊತೆ ಕರೆಂಟ್ ಸೇರಿದಾಗ ಸುಡ್ತದೆ. ಅಕ್ಕಿಯಲ್ಲಿ ಹೂತಿಡುವುದು ಬೇಡ. ಅಕ್ಕಿಯ ಧೂಳು ಫ್ಯಾನಿನೊಳಗೆ ಹೋಗಿ ನಮಗೆ ಎರಡು ಕೆಲಸ. ಆಫ್ ಇದ್ದ ಹಾಗೇ ತನ್ನಿ, ಬಿಚ್ಚಿ ಬ್ಯಾಟರಿ ವಯರ್ ತೆಗೆದು ಒಳಗೆ ಕ್ಲೀನ್ ಮಾಡ್ಲಿಕ್ಕೆ ಉಂಟು. ಮತ್ತೆ ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿದ್ರೆ ಅದು ಟಚ್‌ಪ್ಯಾಡ್ ದೋಷ ಅಲ್ಲ, ಕೆಳಗೆ ಬ್ಯಾಟರಿ ಊದಿಕೊಂಡಿದೆ. ಒತ್ತಿ ಕೂರಿಸ್ಲಿಕ್ಕೆ ಹೋಗಬೇಡಿ, ಬೆಂಕಿ ಹಿಡೀತದೆ.

ಎರಡನೇ ಜಾತಿ. ಲೈಟ್ ಉಂಟು, ಫ್ಯಾನ್ ತಿರುಗ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರಾತ್ರಿ ಲೈಟ್ ಆರಿಸಿ, ಫೋನಿನ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡಿ. ತೀರಾ ಮಸುಕಾಗಿ ಏನಾದ್ರೂ ಕಂಡ್ರೆ ಲ್ಯಾಪ್‌ಟಾಪ್ ಸರಿಯೇ ಇದೆ, ಸ್ಕ್ರೀನಿನ ಹಿಂದಿನ ಬೆಳಕು ಮಾತ್ರ ಹೋಗಿದೆ. ಮನೆಯ ಟಿವಿಗೆ ಎಚ್‌ಡಿಎಂಐ ವಯರ್ ಹಾಕಿ ನೋಡಿದ್ರೂ ಗೊತ್ತಾಗ್ತದೆ. ಟಿವಿಯಲ್ಲಿ ಬಂತು ಅಂದ್ರೆ ನಿಮ್ಮ ಫೈಲೆಲ್ಲ ಸುರಕ್ಷಿತ. ಇದಕ್ಕೆ ಯಾರಾದ್ರೂ “ಮದರ್‌ಬೋರ್ಡ್ ಹೋಗಿದೆ” ಅಂದ್ರೆ ಎದ್ದು ಬನ್ನಿ.

ಟಿವಿಯಲ್ಲೂ ಬರದಿದ್ರೆ ಹೆಚ್ಚಾಗಿ ರ್‍ಯಾಮ್ ಮೇಲೆ ಸಂಶಯ. ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ. ಪತ್ತನಾಜೆ ಕಳೆದು ಮಳೆ ಹಿಡಿಯಿತು ಅಂದ್ರೆ ಕಪಾಟಿನ ಬಟ್ಟೆಗೇ ಬೂಷ್ಟು ಬರ್ತದೆ, ಇನ್ನು ಲ್ಯಾಪ್‌ಟಾಪ್ ಬಿಡ್ತದಾ? ಎರಡು ತಿಂಗಳು ರಜೆ ಅಂತ ಬ್ಯಾಗಿನಲ್ಲೇ ಕಟ್ಟಿಟ್ಟದ್ದನ್ನು ತೆಗೆದ್ರೆ ರ್‍ಯಾಮಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕವಿದಿರ್ತದೆ. ತೆಗೆದು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲ ಉಜ್ಜಿ, ಚೂರು ಉಳಿಯದ ಹಾಗೆ ಒರೆಸಿ ಮತ್ತೆ ಕೂರಿಸಿದ್ರೆ ಆಯ್ತು, ಎಷ್ಟೋ ಸಲ. ವಾರಂಟಿ ಇದ್ರೆ ಮಾತ್ರ ನೀವು ಬಿಚ್ಚಬೇಡಿ. ಹೊಸ ಡಿಡಿಆರ್5 ರ್‍ಯಾಮ್ ಆದ್ರೆ, ತೆಗೆದು ಹಾಕಿದ ಮೇಲೆ ಮೊದಲ ಸಲ ಆನ್ ಆಗ್ಲಿಕ್ಕೆ ಕೆಲವು ನಿಮಿಷ ಬೇಕು. ಕಪ್ಪು ಸ್ಕ್ರೀನ್ ನೋಡಿ ಗಾಬರಿಯಾಗಿ ಆಫ್ ಮಾಡಬೇಡಿ. ಇರುವೆ ಗೂಡು ಕಟ್ಟಿದ ಲ್ಯಾಪ್‌ಟಾಪನ್ನೂ ಬಿಚ್ಚಿದ್ದೇನೆ, ಹಲ್ಲಿ ಮೊಟ್ಟೆ ಇಟ್ಟದ್ದನ್ನೂ. ಅದರ ವರ್ಣನೆ ಊಟದ ಹೊತ್ತಿಗೆ ಬೇಡ.

ಇಲ್ಲಿ ಒಂದು ಸುಳಿವು ಯಾರೂ ಗಮನಿಸುವುದಿಲ್ಲ. ಸ್ಕ್ರೀನ್ ಇಲ್ಲದಿದ್ರೂ ಲ್ಯಾಪ್‌ಟಾಪ್ ಮಾತಾಡ್ತಾ ಇರ್ತದೆ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ಲೈಟ್, ಡೆಲ್‌ನಲ್ಲಿ ಚಾರ್ಜಿಂಗ್ ಲೈಟ್ ಇಂತಿಷ್ಟು ಸಲ ಅಂತ ಮಿಟುಕ್ತದೆ. ಕೆಲವು ಮಾಡೆಲ್ ಬೀಪ್ ಹೊಡೀತದೆ. ಎಷ್ಟು ಸಲ, ಯಾವ ಬಣ್ಣ ಅಂತ ಫೋನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ಕಂಪನಿಯ ಸಪೋರ್ಟ್ ಪೇಜಿನಲ್ಲಿ ಆ ಎಣಿಕೆಗೆ ಅರ್ಥ ಕೊಟ್ಟಿರ್ತಾರೆ. “ಎಂತದೋ ಮಿಟುಕಿತು ಅಣ್ಣಾ” ಅನ್ನುವುದಕ್ಕಿಂತ ಆ ಹತ್ತು ಸೆಕೆಂಡಿನ ವಿಡಿಯೋ ನನಗೆ ಸಾವಿರ ಪಾಲು ಮೇಲು.

ಈಗ ಮೂರನೆಯದು. ನಾನು ಇವತ್ತು ಬಂದದ್ದೇ ಇದನ್ನು ಹೇಳ್ಲಿಕ್ಕೆ. ಲೋಗೋ ಬರ್ತದೆ, ವಿಂಡೋಸ್ ಬರುವುದಿಲ್ಲ. ‘ಆಟೋಮ್ಯಾಟಿಕ್ ರಿಪೇರಿ’ ಅಂತ ಬರ್ತದೆ, ಮತ್ತೆ ರೀಸ್ಟಾರ್ಟ್, ಮತ್ತೆ ಅದೇ. ಅಥವಾ ಆ ಪ್ರಸಿದ್ಧ ನೀಲಿ ಪರದೆ. ಹೊಸ ವಿಂಡೋಸ್ 11ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ, ಸಂಕಟ ಅದೇ.

2024ರ ಜುಲೈ 19, ಶುಕ್ರವಾರ. ನಿಮ್ಮಲ್ಲಿ ಸುಮಾರು ಜನಕ್ಕೆ ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ ಬೆಳಿಗ್ಗೆ, ನಮ್ಮ ಲೆಕ್ಕದಲ್ಲಿ 9 ಗಂಟೆ 39 ನಿಮಿಷಕ್ಕೆ, ಒಂದು ಅಪ್‌ಡೇಟ್ ಕಳಿಸಿತು. 78 ನಿಮಿಷದಲ್ಲಿ ವಾಪಸ್ ತಗೊಂಡಿತು. ಅಷ್ಟರಲ್ಲಿ ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ, ರೀಸ್ಟಾರ್ಟ್ ಆಗಿ, ಮತ್ತೆ ನೀಲಿ ಪರದೆ ತೋರಿಸ್ತಾ ಕೂತವು. ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಬೆಂಗಳೂರಿನಲ್ಲೂ ಚೆಕ್-ಇನ್ ಮುಂದೆ ಉದ್ದುದ್ದ ಸಾಲು. ಆ ದಿನ ನನಗೂ ತುಂಬಾ ಫೋನ್ ಬಂತು. “ನಂದೂ ಹಾಗೇ ಆಗಿದ್ಯಾ?” ಅಂತ. ಇಲ್ಲ, ಅದು ದೊಡ್ಡ ಕಂಪನಿಗಳು ಹಾಕಿಕೊಳ್ಳುವ ಸಾಫ್ಟ್‌ವೇರ್, ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ.

ಆದ್ರೆ ಆ ದಿನದಿಂದ ಕಲಿಯುವಂಥದ್ದು ಒಂದುಂಟು. ಆ 85 ಲಕ್ಷ ಕಂಪ್ಯೂಟರ್‌ಗಳಲ್ಲಿ ಬೋರ್ಡ್ ಸುಟ್ಟಿರಲಿಲ್ಲ, ಡಿಸ್ಕ್ ಹೋಗಿರಲಿಲ್ಲ, ಜನರ ಫೈಲುಗಳು ಇದ್ದಲ್ಲೇ ಇದ್ದವು. ಕೆಟ್ಟಿದ್ದದ್ದು ಒಂದು ಸಣ್ಣ ಫೈಲ್. ಹೆಚ್ಚಿನ ಕಡೆ ಅದಕ್ಕೆ ಮಾಡಿದ ಮದ್ದು ಏನು ಗೊತ್ತಾ? ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲನ್ನು ಅಳಿಸಿ ರೀಸ್ಟಾರ್ಟ್. ಅಷ್ಟೇ. ಯಾರೂ ಫಾರ್ಮ್ಯಾಟ್ ಹೊಡೆಯುವ ಅಗತ್ಯ ಇರಲಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಅರ್ಧರಾತ್ರಿ ಅಪ್‌ಡೇಟ್ ಆಗುವಾಗ ಕರೆಂಟ್ ಹೋಗಿ, ಬ್ಯಾಟರಿ ಸತ್ತು, ಬೆಳಿಗ್ಗೆ ಲೋಗೋದಲ್ಲೇ ನಿಂತಿದ್ರೆ ಕತೆ ಬಹುತೇಕ ಇಂಥದ್ದೇ.

ಹಾಗಾದ್ರೆ ಏನು ಮಾಡ್ಬೇಕು? ವಿಂಡೋಸ್ ಏಳ್ಲಿಕ್ಕೆ ಹೋಗಿ ಎರಡು ಮೂರು ಸಲ ಸೋತರೆ ತಾನೇ ರಿಪೇರಿ ಪೇಜ್ ತೋರಿಸ್ತದೆ. ಬರದಿದ್ರೆ, ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ್ರೆ ಬರ್ತದೆ. ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ‘ಎಫ್ 8 ಒತ್ತಿ’ ಅಂತಾರೆ, ಅದು ವಿಂಡೋಸ್ 7ರ ಕಾಲ. ರಿಪೇರಿ ಪೇಜಿನಲ್ಲಿ ‘ಟ್ರಬಲ್‌ಶೂಟ್’ ಅಂತ ಇರ್ತದೆ. ಅದನ್ನು ಒತ್ತಿದ ಕೂಡಲೇ ಮೇಲ್ಗಡೆ, ಕಣ್ಣಿಗೆ ಬೀಳುವ ಹಾಗೆ, ‘ರೀಸೆಟ್ ದಿಸ್ ಪಿಸಿ’. ಅದನ್ನು ಬಿಡಿ. ಕೆಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹೋಗಿ. ಅಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಉಂಟು, ಹೊಸದಾಗಿ ಬಂದ ಅಪ್‌ಡೇಟ್ ತೆಗೆಯುತ್ತದೆ. ‘ಸಿಸ್ಟಮ್ ರೀಸ್ಟೋರ್’ ಉಂಟು, ಸೆಟ್ಟಿಂಗನ್ನು ಹಿಂದಿನ ತಾರೀಕಿಗೆ ಒಯ್ಯುತ್ತದೆ, ನಿಮ್ಮ ಫೋಟೋ, ವರ್ಡ್ ಫೈಲ್ ಮುಟ್ಟುವುದಿಲ್ಲ. ‘ಸ್ಟಾರ್ಟಪ್ ಸೆಟ್ಟಿಂಗ್ಸ್’ನಿಂದ ಸೇಫ್ ಮೋಡ್. ಸೇಫ್ ಮೋಡಿನಲ್ಲಿ ಎದ್ದಿತು ಅಂದ್ರೆ ಬೇರೆ ಏನನ್ನೂ ಮಾಡುವ ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ. ರಿಪೇರಿ ಆಮೇಲೆ.

ರೀಸೆಟ್ಟಿನಲ್ಲಿ ‘ಕೀಪ್ ಮೈ ಫೈಲ್ಸ್’ ಅಂತ ಉಂಟಲ್ಲ ಅಂತ ಕೇಳ್ತೀರಿ. ಉಂಟು. ಸರಿಯಾಗಿ ನಡೆದ್ರೆ ಫೈಲ್ ಉಳೀತವೆ, ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗ್ತವೆ. ಆದ್ರೆ ಡಿಸ್ಕೇ ಸಾಯ್ತಾ ಇದ್ರೆ? ಆಗ ಆ ರೀಸೆಟ್ ಅರ್ಧದಲ್ಲಿ ನಿಲ್ತದೆ. ರೋಗಿಗೆ ಉಸಿರಾಡ್ಲಿಕ್ಕೆ ಕಷ್ಟ ಇರುವಾಗ ಮನೆ ಗುಡಿಸ್ಲಿಕ್ಕೆ ಹೇಳಿದ ಹಾಗೆ.

ಡಿಸ್ಕ್ ಸಾಯ್ತಾ ಉಂಟಾ ಅಂತ ಹೇಗೆ ಗೊತ್ತಾಗ್ತದೆ? ತಿರುಗುವ ಹಳೇ ಹಾರ್ಡ್ ಡಿಸ್ಕ್ ಆದ್ರೆ ಕಿವಿ ಇಟ್ಟು ಕೇಳಿ. ಟಕ್, ಟಕ್, ಟಕ್ ಅಂತ ಒಂದೇ ತಾಳದಲ್ಲಿ ಬಂದ್ರೆ ಅದೇ ಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಪ್ರತಿ ಸಲ ಆನ್ ಮಾಡಿದಾಗ ಇನ್ನಷ್ಟು ಹಾಳಾಗ್ತದೆ. ಎಸ್‌ಎಸ್‌ಡಿಗೆ ಶಬ್ದ ಇಲ್ಲ. ಅದು ಕೆಲವು ಸಲ ಕಾಣ್ತದೆ, ಕೆಲವು ಸಲ ‘ನೋ ಬೂಟಬಲ್ ಡಿವೈಸ್’ ಅಂತ ಬರ್ತದೆ. ಹಾಗೆ ಬಂದು ಹೋಗಿ ಮಾಡ್ತಾ ಇದ್ರೆ, ಬಂದಿರುವಾಗ ಕಾಪಿ ಮಾಡಿಕೊಳ್ಳಬೇಕು. ಚೆಕ್‌ಡಿಸ್ಕ್ ಕಮಾಂಡ್ ಹಾಕಿ ಅಂತ ಯಾರೋ ಹೇಳ್ತಾರೆ. ಸಾಯುವ ಡಿಸ್ಕಿಗೆ ಅದನ್ನು ಹಾಕಬೇಡಿ, ಮೊದಲು ಫೈಲ್ ಹೊರಗೆ ಬರಲಿ.

ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ಒಬ್ಬಳು ಹುಡುಗಿ ಬಂದಳು. ಎಂ.ಎ. ಓದುವವಳು. ಲ್ಯಾಪ್‌ಟಾಪ್ ಲೋಗೋದಲ್ಲಿ ನಿಲ್ತಾ ಇತ್ತು. ಬೇರೆ ಎಲ್ಲೋ ತೋರಿಸಿದ್ದಳಂತೆ, “ಓಎಸ್ ಹೋಗಿದೆ, ಫಾರ್ಮ್ಯಾಟ್ ಮಾಡ್ಬೇಕು, ಸಾಯಂಕಾಲ ಬನ್ನಿ” ಅಂದಿದ್ದರಂತೆ. ಅವಳು ಒಪ್ಪದೆ ಎತ್ತಿಕೊಂಡು ಬಂದಿದ್ದಳು. “ಒಳಗೆ ಎಂತ ಉಂಟು?” ಅಂತ ಕೇಳಿದೆ. ಎಲ್ಲರ ಹತ್ರವೂ ನಾನು ಕೇಳುವ ಮೊದಲ ಪ್ರಶ್ನೆ ಅದು. “ಅಜ್ಜಿ ಹಾಡಿದ ಪಾಡ್ದನ ಅಣ್ಣಾ. ಪ್ರಾಜೆಕ್ಟಿಗೆ ಅಂತ ರೆಕಾರ್ಡ್ ಮಾಡಿದ್ದು. ಆರು ಗಂಟೆದು ಉಂಟು. ಅಜ್ಜಿ ಹೋಗಿ ಮೂರು ತಿಂಗಳಾಯ್ತು.”

ಪಾಡ್ದನ ಗೊತ್ತಿಲ್ಲದವರಿಗೆ: ತುಳುವಿನ ದೊಡ್ಡ ಕಥನ ಹಾಡುಗಳು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡ್ತಿದ್ದರು. ಪುಸ್ತಕ ನೋಡಿ ಹಾಡುವುದಲ್ಲ, ಹಾಡುವವರ ನೆನಪಿನಲ್ಲೇ ಇರುವುದು. ಇದೇ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ದಾಖಲಿಸಿದರು. ಬರಹಕ್ಕೆ ಇಳಿಸಿದಾಗ 15,683 ಸಾಲು. 1998ರಲ್ಲಿ ಪುಸ್ತಕ ಆಯ್ತು. ಅಷ್ಟು ದೊಡ್ಡದು ಒಬ್ಬರ ತಲೆಯೊಳಗೆ ಇತ್ತು. ಈ ಹುಡುಗಿಯ ಅಜ್ಜಿಯದ್ದು ಒಂದು ಎಸ್‌ಎಸ್‌ಡಿಯೊಳಗೆ ಇತ್ತು, ಬೇರೆ ಎಲ್ಲೂ ಇರಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ, ಫೋನಲ್ಲಿ ಜಾಗ ಇಲ್ಲ ಅಂತ ಅಳಿಸಿದ್ದಳು. ನಮ್ಮಲ್ಲಿ ಯಾರು ಹಾಗೆ ಮಾಡುವುದಿಲ್ಲ ಹೇಳಿ.

ಅವಳ ಎದುರೇ ಕೆಲಸ ಶುರು ಮಾಡಿದೆ. ವಿಂಡೋಸನ್ನು ಮುಟ್ಟಲೇ ಇಲ್ಲ. ಉಬುಂಟು ಅಂತ ಒಂದು ಉಂಟು, ಲಿನಕ್ಸ್, ದುಡ್ಡು ಇಲ್ಲದೆ ಸಿಗುವಂಥದ್ದು. ಅದನ್ನು ಪೆನ್‌ಡ್ರೈವಿಗೆ ಹಾಕಿ ಅಲ್ಲಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಏನೂ ಬರೆಯದೆ, ಸುಮ್ಮನೆ ಓದಿ ಕಾಪಿ ಮಾಡ್ಲಿಕ್ಕೆ ಆಗ್ತದೆ. ನೀವೂ ಮಾಡಬಹುದು. 8 ಜಿಬಿಗಿಂತ ಕಮ್ಮಿ ಇಲ್ಲದ ಪೆನ್‌ಡ್ರೈವ್, ಸ್ನೇಹಿತರ ಲ್ಯಾಪ್‌ಟಾಪ್ ಬೇಕು. ಆ ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿ ಹೋಗ್ತದೆ, ಅದಕ್ಕೆ ಖಾಲಿಯದ್ದನ್ನೇ ತಗೊಳ್ಳಿ. ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9 ತಟ್ಟುತ್ತಾ ಇದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳ್ತದೆ. ಆಮೇಲೆ ಉಬುಂಟು ‘ಟ್ರೈ’ ಅಂತಲೂ ‘ಇನ್‌ಸ್ಟಾಲ್’ ಅಂತಲೂ ಕೇಳ್ತದೆ. ‘ಟ್ರೈ’ ಒತ್ತಬೇಕು. ‘ಇನ್‌ಸ್ಟಾಲ್’ ಒತ್ತಿದ್ರೆ ನೀವೇ ಫಾರ್ಮ್ಯಾಟ್ ಹೊಡೆದ ಹಾಗೆ.

ಅವಳ ಎಸ್‌ಎಸ್‌ಡಿ ಮೊದಲ ಸಲ ಕಾಣಲೇ ಇಲ್ಲ. ಆಫ್ ಮಾಡಿ, ಬಿಚ್ಚಿ, ಬೇರೆ ಕೇಸಿಗೆ ಹಾಕಿ, ಫ್ಯಾನ್ ಕೆಳಗೆ ಇಟ್ಟು ಪ್ರಯತ್ನ ಮಾಡಿದೆ. ಕಂಡಿತು. ಬಿಸಿಯಾದ ಕೂಡಲೇ ಮತ್ತೆ ಮಾಯ. ತಣಿಸಿ ಮತ್ತೆ. ಹೀಗೆ ಸ್ವಲ್ಪ ಸ್ವಲ್ಪವಾಗಿ ಸಾಯಂಕಾಲದವರೆಗೆ ಎಳೆದೆ. ಆರು ಗಂಟೆಯಲ್ಲಿ ಐದು ಗಂಟೆಯ ಚಿಲ್ಲರೆ ಬಂತು. ಎರಡು ಫೈಲ್ ಬರಲೇ ಇಲ್ಲ, ಮೂರನೇ ದಿನ ಆ ಡಿಸ್ಕ್ ಪೂರ್ತಿ ಸತ್ತಿತು. ಅವಳು ಅಂಗಡಿಯಲ್ಲೇ ಒಂದು ಫೈಲ್ ತೆರೆದು ಕೇಳಿದಳು. ಅಜ್ಜಿಯ ಸ್ವರ, ಹಿಂದೆ ಎಲ್ಲೋ ಕೋಳಿ ಕೂಗುವುದು, ನಡುವೆ ಅಜ್ಜಿ ನಿಲ್ಲಿಸಿ ತುಳುವಿನಲ್ಲಿ “ಚಾ ಪರ್ಕನಾ?” ಅಂದದ್ದು. ಚಾ ಕುಡಿಯೋಣವಾ ಅಂತ.

ಆ ಸಾಯಂಕಾಲ ಫಾರ್ಮ್ಯಾಟ್ ಆಗಿದ್ರೆ ಏನಾಗ್ತಿತ್ತು? ಹಳೇ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ರಿಕವರಿ ಮಾಡ್ಲಿಕ್ಕೆ ಒಂದಿಷ್ಟು ಅವಕಾಶ ಇರ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಉಂಟು. ಅಳಿಸಿದ ಜಾಗವನ್ನು ಅದು ತಾನೇ ಒಳಗಿಂದ ಖಾಲಿ ಮಾಡ್ತದೆ. ವೇಗ ಬರುವುದು ಅದರಿಂದಲೇ, ವಾಪಸ್ ಸಿಗದೇ ಇರುವುದೂ ಅದರಿಂದಲೇ.

ಎಲ್ಲ ಕತೆ ಇಷ್ಟಾದ್ರೂ ಚೆನ್ನಾಗಿ ಮುಗಿಯುವುದಿಲ್ಲ. ಇನ್ನೊಬ್ಬ, ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಡಿಸ್ಕ್ ಚೆನ್ನಾಗಿಯೇ ಇತ್ತು, ಬೋರ್ಡ್ ಚೆನ್ನಾಗಿತ್ತು. ಒಂದು ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು ‘ಬಿಟ್‌ಲಾಕರ್ ರಿಕವರಿ ಕೀ’ ಕೇಳಿತು. 48 ಅಂಕೆ. ಬಿಟ್‌ಲಾಕರ್ ಅಂದ್ರೆ ಡಿಸ್ಕಿಗೆ ಹಾಕುವ ಬೀಗ. ಲ್ಯಾಪ್‌ಟಾಪ್ ಕದ್ದವನಿಗೆ ಫೈಲ್ ಸಿಗಬಾರದು ಅಂತ ಇರುವುದು, ಒಳ್ಳೆಯದೇ. ಆದ್ರೆ ಆ ಬೀಗದ ಕೀ ಮೊದಲು ಸೆಟಪ್ ಮಾಡಿದವನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇತ್ತು. ಮಾರಿದವನ ಫೋನ್ ನಂಬರ್ ಬದಲಾಗಿತ್ತು. ಹುಡುಗನಿಗೆ ಬೀಗ ಇದೆ ಅಂತಲೇ ಗೊತ್ತಿರಲಿಲ್ಲ. ಪ್ರಾಜೆಕ್ಟ್ ಕೋಡ್ ಒಳಗೆ ಉಳಿಯಿತು. ಉಬುಂಟು ಹಾಕಿದ್ರೂ ಆ ಕೀ ಬೇಕು, ನಾಸಾದವರು ಬಂದ್ರೂ ಆ ಕೀ ಬೇಕು. “ನಾನು ತೆಗೆದು ಕೊಡ್ತೇನೆ” ಅಂತ ಯಾರಾದ್ರೂ ಹೇಳಿದ್ರೆ ಅವರು ತೆಗೆಯುವುದು ನಿಮ್ಮ ದುಡ್ಡನ್ನು. ಕ್ರೌಡ್‌ಸ್ಟ್ರೈಕ್ ದಿನವೂ ದೊಡ್ಡ ದೊಡ್ಡ ಕಂಪನಿಗಳು ಸಿಕ್ಕಿಬಿದ್ದದ್ದು ಇಲ್ಲಿಯೇ. ಒಂದು ಫೈಲ್ ಅಳಿಸಿದ್ರೆ ಮುಗಿಯುವ ಕೆಲಸಕ್ಕೆ ಪ್ರತಿ ಕಂಪ್ಯೂಟರಿನ 48 ಅಂಕೆ ಹುಡುಕಬೇಕಾಗಿ ಬಂತು. ಕೆಲವರು ಆ ಕೀಗಳನ್ನು ಇಟ್ಟಿದ್ದ ಸರ್ವರೂ ಅದೇ ನೀಲಿ ಪರದೆಯಲ್ಲಿ ಕೂತಿತ್ತು.

ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನೀವು ಕೇಳದೆಯೇ ಬೀಳ್ತದೆ. 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿದ್ರೆ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಇನ್ನೂ ಹೆಚ್ಚು ಮಾಡೆಲ್‌ಗಳಲ್ಲಿ ಅದು ತಾನಾಗಿ ಆನ್ ಆಗ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು ಅಂತ ತುಂಬಾ ಜನ 11 ಹಾಕಿಸಿಕೊಂಡ್ರು. ಅಂಗಡಿಯಲ್ಲಿ ಯಾರ ಅಕೌಂಟ್ ಹಾಕಿ ಸೆಟಪ್ ಮಾಡಿದ್ರು ಅಂತ ಕೇಳಿದ್ದೀರಾ? ಅದಕ್ಕೆ ಹೇಳುವುದು.

ರಿಪೇರಿಗೆ ಕೊಡುವಾಗಲೂ ಒಂದೆರಡು ವಿಷಯ ಬಾಯಿ ಬಿಟ್ಟು ಹೇಳಿ. “ಡೇಟಾ ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ” ಅಂತ ಹೇಳಿ, ರಶೀದಿಯಲ್ಲಿ ಬರೆಸಿ. ಡಿಸ್ಕ್ ಬದಲಾಯಿಸಿದ್ರೆ ಹಳೇ ಡಿಸ್ಕ್ ವಾಪಸ್ ಕೇಳಿ, ಅದು ನಿಮ್ಮದು. ಅದನ್ನು ಕೇಳಿದ್ರೆ ನಮಗೇನೂ ಬೇಜಾರಾಗುವುದಿಲ್ಲ. ಬೇಜಾರಾಗುವ ಕಡೆ ಕೊಡಬೇಡಿ.

ಇಷ್ಟು ಹೊತ್ತು ಕೇಳಿದವರಲ್ಲಿ ಹೆಚ್ಚಿನವರ ಲ್ಯಾಪ್‌ಟಾಪ್ ಇವತ್ತು ಸರಿಯಾಗಿಯೇ ಇರಬಹುದು. ಹಾಗಾದ್ರೆ ಈಗಲೇ ಒಂದು ಕೆಲಸ. ಫೋನಿನ ಬ್ರೌಸರಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ‘ಡಿವೈಸಸ್’ ಒಳಗೆ ಹೋಗಿ. ನಿಮ್ಮ ಲ್ಯಾಪ್‌ಟಾಪಿನ ಹೆಸರಿನ ಕೆಳಗೆ ಬಿಟ್‌ಲಾಕರ್ ಕೀ ಉಂಟಾ ನೋಡಿ. ಇದ್ರೆ ಆ 48 ಅಂಕೆಗಳನ್ನು ಕಾಗದದಲ್ಲಿ ಬರೆದು ಮಾರ್ಕ್ಸ್ ಕಾರ್ಡ್ ಇರುವ ಫೈಲಿನಲ್ಲಿ ಇಡಿ. ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಬೇಡ. ಕೀ ಕಾಣದೆ ಇದ್ದು, ಲ್ಯಾಪ್‌ಟಾಪಿನ ಸೆಟ್ಟಿಂಗ್ಸಿನಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಅಂತ ತೋರಿಸ್ತಾ ಇದ್ರೆ, ಅದು ಬೇರೆ ಯಾರದ್ದೋ ಅಕೌಂಟಿನಲ್ಲಿ ಉಂಟು ಅಂತ ಅರ್ಥ. ಲ್ಯಾಪ್‌ಟಾಪ್ ಸರಿ ಇರುವಾಗಲೇ ಆಫ್ ಮಾಡಿ, ನಿಮ್ಮ ಅಕೌಂಟಿನಲ್ಲಿ ಮತ್ತೆ ಆನ್ ಮಾಡಿ. ಸ್ವಲ್ಪ ಹೊತ್ತು ತಗೊಳ್ತದೆ, ಚಾರ್ಜಿಗೆ ಹಾಕಿಟ್ಟೇ ಮಾಡಿ. ಹೊರಗೆ ಗುಡುಗು ಇದ್ರೆ ಮಾತ್ರ ನಾಳೆ.